ಸೇಲಂ ಪುರಸಭೆಯ ರಾಜಾಜಿ

ರಾಜಾಜಿ ಎಂದೊಡನೆ ಭಾರತದ ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯ ನೆನಪಾಗುತ್ತಾರೆ. ಆದರೆ ಆಡಳಿತದಲ್ಲಿ ಅವರ ಅಕ್ಷರಾಭ್ಯಾಸ ನಡೆದದ್ದು ಸೇಲಂ ಪುರಸಭೆಯಲ್ಲಿ.

1878ರಲ್ಲಿ ಹೊಸೂರು ಸಮೀಪದ ತೊರಪಳ್ಳಿಯಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿ ಪದವಿ ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. 1911ರಲ್ಲಿ ಪುರಸಭೆಯ ಸದಸ್ಯರಾಗಿ, 1917ರಿಂದ 1919ರವರೆಗೆ ಅಧ್ಯಕ್ಷರಾಗಿದ್ದರು. ಅಲ್ಲಿಗೆ ಮೊದಲ ದಲಿತ ಸದಸ್ಯರು ಆಯ್ಕೆಯಾಗಲು ಕಾರಣರಾದವರು ಅವರೇ. ಮುಂದೆ ಅಸಹಕಾರ ಚಳವಳಿಗಾಗಿ ವಕೀಲಿಯನ್ನು ತೊರೆದರು.

1937ರಲ್ಲಿ ವಿಶ್ವವಿದ್ಯಾಲಯ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾಗಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಅಂದು ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಆ ಪ್ರಾಂತ್ಯದಲ್ಲಿದ್ದವು. ಅದೇ ವರ್ಷದ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊದಲು ಜಾರಿಗೊಳಿಸಿದ್ದು ತಮ್ಮದೇ ಸೇಲಂ ಜಿಲ್ಲೆಯಲ್ಲಿ. ಆದರ್ಶಕ್ಕೂ ಬೆಲೆಯುಂಟು ಎಂಬುದನ್ನು ಅವರು ಬಲ್ಲವರಾಗಿದ್ದರು. ಕೈಬಿಟ್ಟ ಅಬಕಾರಿ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ದೇಶದ ಮೊದಲ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದರು. ವರ್ತಕರ ವಿರೋಧ ನಿಶ್ಚಿತವಾಗಿದ್ದರೂ ಹಿಂಜರಿಯಲಿಲ್ಲ. 2017ರಲ್ಲಿ ಜಿಎಸ್‌ಟಿ ಬರುವವರೆಗೂ ರಾಜ್ಯಗಳ ಬೊಕ್ಕಸಕ್ಕೆ ಮಾರಾಟದ ಮೇಲಿನ ತೆರಿಗೆಯೇ ದೊಡ್ಡ ಆಧಾರವಾಗಿತ್ತು. ರೈತರ ಸಾಲಪರಿಹಾರದ ಶಾಸನ, ದೇವಾಲಯ ಪ್ರವೇಶದ ಶಾಸನಗಳೂ ಅದೇ ಅವಧಿಯವು.

ಲೆಕ್ಕದಲ್ಲಿ ಇಷ್ಟು ಎಚ್ಚರವಿದ್ದವರು ಜನಾಭಿಪ್ರಾಯದ ವಿಷಯದಲ್ಲಿ ಎಡವಿದರು. ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದಾಗ ತಮಿಳುನಾಡು ಪ್ರತಿಭಟಿಸಿತು. ಅವರು ಅಧಿಕಾರ ಬಿಟ್ಟ ಮೇಲೆ, 1940ರಲ್ಲಿ ಆ ಆಜ್ಞೆ ರದ್ದಾಯಿತು. 1952ರಲ್ಲಿ ಮತದಾರರ ಮುಂದೆ ಹೋಗದೆ, ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಮುಖ್ಯಮಂತ್ರಿಯಾದರು. ಆಹಾರಧಾನ್ಯಗಳ ಮೇಲಿನ ನಿಯಂತ್ರಣ ತೆಗೆದ ಅವರ ದಿಟ್ಟ ನಿರ್ಧಾರವನ್ನು ಜನ ಸ್ವಾಗತಿಸಿದರು. ಆದರೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯವರ ಕಸುಬು ಎಂಬ 1953ರ ಶಿಕ್ಷಣ ಯೋಜನೆ ಮಕ್ಕಳನ್ನು ಜಾತಿಯ ವೃತ್ತಿಗೇ ಕಟ್ಟಿಹಾಕುತ್ತದೆಂಬ ಆಕ್ರೋಶಕ್ಕೆ ಗುರಿಯಾಯಿತು. 1954ರಲ್ಲಿ ರಾಜೀನಾಮೆ ನೀಡಿದರು. ಉತ್ತರಾಧಿಕಾರಿ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು.

ಆ ಬಳಿಕ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ಅವರು 1972ರ ಡಿಸೆಂಬರ್ 25ರಂದು ನಿಧನರಾದರು. ನಲ್ಲಿ, ಚರಂಡಿ, ಬೀದಿದೀಪಗಳ ದೂರು ಹೊತ್ತ ಜನ ಪುರಸಭೆಯ ಅಧ್ಯಕ್ಷನ ಬಾಗಿಲಿಗೇ ಬರುತ್ತಾರೆ. ಅಧಿಕಾರ ಎತ್ತರಕ್ಕೇರಿದಂತೆ ಆ ಬಾಗಿಲು ದೂರವಾಗುತ್ತದೆ. ಯೋಜನೆ ಘೋಷಿಸುವಾಗಲೇ ಅದರ ಹಣದ ಮೂಲವನ್ನೂ ಹೇಳುವ ರಾಜಾಜಿಯವರ ಶಿಸ್ತು ಇಂದಿನ ಶಾಸಕರಿಗೆ ಅವಶ್ಯ. ಅವರ ಬದುಕಿನ ಇನ್ನೊಂದು ಪಾಠವೂ ಅಷ್ಟೇ ಮುಖ್ಯ: ಲೆಕ್ಕ ಸರಿಯಿದ್ದ ಮಾತ್ರಕ್ಕೆ ಜನರನ್ನು ಕೇಳುವ ಹೊಣೆ ತಪ್ಪುವುದಿಲ್ಲ.