ಡಿಕನ್ಸನು ಕಂಡ ಕ್ರಿಸ್‌ಮಸ್

ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಪುಟ್ಟ ಪುಸ್ತಕವನ್ನು ನಾನು ಮೊದಲು ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಕಡುಲೋಭಿಯಾದ ಸ್ಕ್ರೂಜನು ಒಂದೇ ರಾತ್ರಿಯಲ್ಲಿ ಉದಾರಿಯಾಗುವ ಆ ಕಥೆ, ಹಬ್ಬದ ದಿನ ಮಕ್ಕಳಿಗೆ ಹೇಳಿ ಮರೆಯತಕ್ಕ ಕಟ್ಟುಕಥೆಯಾಗಿ ನನಗೆ ತೋರಿತ್ತು. ಮನುಷ್ಯನು ಇಷ್ಟು ಸುಲಭವಾಗಿ ಬದಲಾಗುವನೇ ಎಂದು ನಕ್ಕದ್ದೂ ಉಂಟು. ಡಿಕನ್ಸನ ಜೀವನವನ್ನು ತಿಳಿದ ಮೇಲೆ ಆ ನಗೆ ಅಡಗಿತು.

ಆತನು ಹುಟ್ಟಿದ್ದು 1812ರ ಫೆಬ್ರವರಿ 7ರಂದು, ಪೋರ್ಟ್ಸ್‌ಮತ್ತಿನಲ್ಲಿ. ತಂದೆ ನೌಕಾದಳದ ಸಂಬಳದ ಕಚೇರಿಯಲ್ಲಿ ಗುಮಾಸ್ತ. ವರಮಾನಕ್ಕೆ ಮೀರಿ ಖರ್ಚು ಮಾಡುವ ಸ್ವಭಾವದವನು. ಸಾಲ ತೀರಿಸಲಾರದೆ 1824ರಲ್ಲಿ ಲಂಡನ್ನಿನ ಮಾರ್ಷಲ್‌ಸಿ ಸೆರೆಮನೆಯನ್ನು ಸೇರಿದನು. ಕೆಲವು ವಾರಗಳಲ್ಲಿ ಹೆಂಡತಿಯೂ ಎಳೆಯ ಮಕ್ಕಳೂ ಅಲ್ಲಿಗೇ ಹೋಗಿ ನೆಲಸಬೇಕಾಯಿತು. ಹನ್ನೆರಡು ವರ್ಷದ ಚಾರ್ಲ್ಸ್ ಪರರ ಮನೆಯಲ್ಲಿ ಮಲಗಿ, ಹಗಲೆಲ್ಲ ಥೇಮ್ಸ್ ದಡದ ಬೂಟುಮಸಿಯ ಕಾರ್ಖಾನೆಯಲ್ಲಿ ಕುಡಿಕೆಗಳ ಮೇಲೆ ಚೀಟಿ ಅಂಟಿಸುತ್ತಿದ್ದನು. ಕೂಲಿ ವಾರಕ್ಕೆ ಆರು ಷಿಲ್ಲಿಂಗ್. ಈ ಅವಮಾನವನ್ನು ಆತನು ಜೀವಮಾನವೆಲ್ಲ ಮುಚ್ಚಿಟ್ಟನು. ಗೆಳೆಯನಾದ ಜಾನ್ ಫಾರ್ಸ್ಟರನಿಗೆ ಮಾತ್ರ ಹೇಳಿದ್ದನು. ಡಿಕನ್ಸನ ಮರಣಾನಂತರ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದ ಅದು ಲೋಕಕ್ಕೆ ತಿಳಿಯಿತು.

1843ರ ವೇಳೆಗೆ ಡಿಕನ್ಸನು ಇಂಗ್ಲೆಂಡಿನ ಪ್ರಖ್ಯಾತ ಕಾದಂಬರಿಕಾರ. ಆ ವರ್ಷ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯನ್ನು ಕುರಿತ ಸರ್ಕಾರಿ ವರದಿಯೊಂದು ಆತನ ಕೈಸೇರಿತು. ಓದಿ ಕನಲಿದ ಡಿಕನ್ಸನು ಬಡವರ ಮಕ್ಕಳ ಪರವಾಗಿ ಜನತೆಗೆ ಬಿನ್ನಹವೊಂದನ್ನು ಬರೆದು ಅಚ್ಚುಹಾಕಿಸಲು ಹೊರಟನು. ಕೆಲವೇ ದಿನಗಳಲ್ಲಿ ಆ ಯೋಚನೆಯನ್ನು ಬಿಟ್ಟನು. ಸೆಪ್ಟೆಂಬರಿನಲ್ಲಿ ಸ್ಯಾಫ್ರನ್ ಹಿಲ್ ಎಂಬ ಕೊಳಕು ಕೇರಿಯ ಫೀಲ್ಡ್ ಲೇನ್ ಶಾಲೆಗೆ ತಾನೇ ಹೋದನು. ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳದ ಚಿಂದಿಬಟ್ಟೆಯ ಮಕ್ಕಳಿಗಾಗಿ ಸ್ವಯಂಸೇವಕರು ನಡೆಸುತ್ತಿದ್ದ ಶಾಲೆ ಅದು. ಅಲ್ಲಿಯ ಮಕ್ಕಳ ಮುಖಗಳಲ್ಲಿ ಬೂಟುಮಸಿಯ ಹುಡುಗನನ್ನು ಆತನು ಕಾಣದೆ ಇದ್ದಾನೆಯೇ? ಅಕ್ಟೋಬರಿನಲ್ಲಿ ‘ಕ್ಯಾರಲ್’ ಆರಂಭವಾಯಿತು. ಹಗಲು ಬರೆದು, ರಾತ್ರಿ ಲಂಡನ್ನಿನ ಬೀದಿಗಳಲ್ಲಿ ಮೈಲಿಗಟ್ಟಲೆ ಅಲೆದು, ಆರು ವಾರಗಳಲ್ಲಿ ಮುಗಿಸಿದನು.

ಈ ಹಿನ್ನೆಲೆಯಲ್ಲಿ ಕಥೆಯನ್ನು ಮತ್ತೆ ಓದಿದಾಗ, ಮೊದಲು ಕಾಣದಿದ್ದ ಒಂದು ಸಂಗತಿ ನನಗೆ ಕಂಡಿತು. ಬಡವರಿಗಾಗಿ ಚಂದಾ ಕೇಳಲು ಇಬ್ಬರು ಮಹನೀಯರು ಸ್ಕ್ರೂಜನ ಕಚೇರಿಗೆ ಬರುತ್ತಾರೆ, ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆ ರಾತ್ರಿ ಬರುವ ಮೂರು ಭೂತಗಳಾದರೋ ಕಾಸನ್ನು ಕೇಳುವುದೇ ಇಲ್ಲ. ಆತನನ್ನು ಕರೆದೊಯ್ದು, ಅವನ ಬಾಲ್ಯವನ್ನು ತೋರಿಸುತ್ತವೆ. ಅವನ ಗುಮಾಸ್ತನ ಮನೆಯ ಊಟದ ಮೇಜನ್ನೂ ಅಲ್ಲಿಯ ಕುಂಟ ಮಗುವನ್ನೂ ತೋರಿಸುತ್ತವೆ. ಚಂದಾಪಟ್ಟಿ ಮಾಡಲಾರದ ಕೆಲಸವನ್ನು ಆ ಮನೆಯ ಹೊಸ್ತಿಲು ಮಾಡಿತು. ಫೀಲ್ಡ್ ಲೇನಿನಲ್ಲಿ ಡಿಕನ್ಸನಿಗೆ ಆದದ್ದೂ ಇದೇ ಎಂದು ನನ್ನ ನಂಬಿಕೆ.

ಪುಸ್ತಕ 1843ರ ಡಿಸೆಂಬರ್ 19ರಂದು ಹೊರಬಂದಿತು. ಕ್ರಿಸ್‌ಮಸ್ ಹಿಂದಿನ ದಿನದೊಳಗೆ 6,000 ಪ್ರತಿಗಳು ಮಾರಿಹೋದವು. ಆದರೆ ಬೆಲೆ ಐದು ಷಿಲ್ಲಿಂಗ್. ವಾರವೆಲ್ಲ ಚೀಟಿ ಅಂಟಿಸಿದ ಹುಡುಗನ ಕೂಲಿ ಹೆಚ್ಚುಕಡಿಮೆ ಅಷ್ಟೇ. ಯಾರನ್ನು ಕುರಿತು ಪುಸ್ತಕವೋ ಅವರ ಕೈಗೆ ಅದು ಎಟುಕಲಿಲ್ಲ. ಹತ್ತು ವರ್ಷಗಳ ತರುವಾಯ, 1853ರ ಡಿಸೆಂಬರಿನಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾಸಂಸ್ಥೆಯೊಂದರ ನಿಧಿಗಾಗಿ ಡಿಕನ್ಸನು ತನ್ನ ಕಥೆಗಳನ್ನು ಸಭೆಯಲ್ಲಿ ಓದಿದನು. ಕೊನೆಯ ದಿನದ ವಾಚನ ದುಡಿಯುವ ಜನರಿಗೆಂದೇ ನಡೆಯಬೇಕೆಂಬುದು ಆತನ ಇಚ್ಛೆ. ಅಂದು ಪ್ರವೇಶಕ್ಕೆ ಆರು ಪೆನ್ನಿ. ಪುಸ್ತಕದ ಬೆಲೆಯ ಹತ್ತನೆಯ ಒಂದು ಪಾಲು. 30ರಂದು ಆ ಜನರ ಮುಂದೆ ಓದಿದ್ದು ‘ಕ್ಯಾರಲ್’.

ಆತನು ಕೊಟ್ಟ ಸಮಯದ ಲೆಕ್ಕ ಇಷ್ಟಕ್ಕೇ ಮುಗಿಯದು. 1847ರಲ್ಲಿ ಸಿರಿವಂತೆ ಏಂಜೆಲಾ ಬರ್ಡೆಟ್ ಕೂಟ್ಸ್ ನಿರ್ಗತಿಕ ಹೆಂಗಸರಿಗಾಗಿ ಆಶ್ರಯಮಂದಿರವೊಂದನ್ನು ತೆರೆದಳು. ಹಣ ಆಕೆಯದು, ದುಡಿಮೆ ಈತನದು. ಬರುವವರನ್ನು ಕಂಡು ಮಾತನಾಡಿಸುವುದರಿಂದ ಹಿಡಿದು ನಿಯಮಗಳನ್ನು ರಚಿಸುವವರೆಗೆ, ಸುಮಾರು ಹತ್ತು ವರ್ಷ ಆತನು ಅದನ್ನು ನೋಡಿಕೊಂಡನು. 1858ರಲ್ಲಿ, ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆ ಹಣವಿಲ್ಲದೆ ಕಷ್ಟದಲ್ಲಿದ್ದಾಗ, ಅದಕ್ಕಾಗಿ ಭಾಷಣ ಮಾಡಿದನು, ‘ಕ್ಯಾರಲ್’ ಓದಿದನು.

ಅದೇ 1858ರಲ್ಲಿಯೇ, ಹತ್ತು ಮಕ್ಕಳ ತಾಯಿಯಾದ ಹೆಂಡತಿ ಕ್ಯಾಥರೀನಳನ್ನು ಆತನು ಮನೆಯಿಂದ ದೂರಮಾಡಿದನು. ಅನ್ಯರ ಒಲೆಯ ಬೆಳಕನ್ನು ಕಂಡ ಕಣ್ಣು ತನ್ನ ಮನೆಯ ಕತ್ತಲನ್ನು ಕಾಣಲಿಲ್ಲ. ಇದನ್ನು ಮರೆಮಾಚಿ ಡಿಕನ್ಸನನ್ನು ಹೊಗಳುವುದು ನನ್ನಿಂದಾಗದು. ಆದರೂ ಹೋಗಿ ನೋಡಿದ ಕಡೆಯಲ್ಲಿ ಆತನ ಮನಸ್ಸು ಕರಗಿದ್ದು ಸುಳ್ಳಲ್ಲ.

1870ರ ಮಾರ್ಚ್ 15ರಂದು, ಮೈ ಕುಸಿದಿದ್ದರೂ, ಲಂಡನ್ನಿನಲ್ಲಿ ತನ್ನ ಕಡೆಯ ವಾಚನಕ್ಕೆ ನಿಂತಾಗ ಡಿಕನ್ಸನು ಆರಿಸಿಕೊಂಡ ಕಥೆಗಳಲ್ಲಿ ‘ಕ್ಯಾರಲ್’ ಒಂದು. ಜೂನ್ 9ರಂದು ತೀರಿಕೊಂಡನು.

ಹಬ್ಬದ ದಿನ ಬಾಗಿಲಿಗೆ ಬಂದವರ ಕೈಗೆ ಏನನ್ನೋ ಹಾಕಿ, ಧರ್ಮ ಮುಗಿಯಿತೆಂದು ಕದವಿಕ್ಕಿಕೊಳ್ಳುವವರಲ್ಲಿ ನಾನೂ ಒಬ್ಬ. ಸ್ಕ್ರೂಜನು ಬದಲಾದುದನ್ನು ನೋಡಿ ನಗುವ ಧೈರ್ಯ ಈಗ ನನಗಿಲ್ಲ. ಅವನು ಹೋಗಿ ನೋಡಿದ ಮನೆಗೆ ನಾನಿನ್ನೂ ಹೋಗಿಲ್ಲ.