19ಕ್ಕೆ 19 ಗೆದ್ದ ಶೂಸಾಕು

ಗೋ ಆಡೋರಿಗೆಲ್ಲ ಗೊತ್ತಿರೋ ಹೆಸರು ಹೋನಿನ್‌ಬೋ ಶೂಸಾಕು. 1829ರಲ್ಲಿ ಜಪಾನಿನ ಇನ್ನೋಶಿಮಾ ದ್ವೀಪದಲ್ಲಿ ಹುಟ್ಟಿದ ಈತ, ಚಿಕ್ಕ ಹುಡುಗನಾಗಿದ್ದಾಗಲೇ ಎದೋ ನಗರಕ್ಕೆ, ಅಂದರೆ ಈಗಿನ ಟೋಕಿಯೊಗೆ ಬಂದು, ಹೋನಿನ್‌ಬೋ ಮನೆತನದ ಶಿಷ್ಯನಾದ.

1846ರಲ್ಲಿ, ನಾವು ಪಿಯುಸಿ ಓದೋ ವಯಸ್ಸಿನಲ್ಲಿ, ಒಸಾಕಾದಲ್ಲಿ ಗೆನ್ನಾನ್ ಇನ್ಸೆಕಿಯ ಎದುರು ಕೂತ. ಶೂಸಾಕು 4 ದಾನ್, ಗೆನ್ನಾನ್ 8 ದಾನ್. ಹಿಂದೆ ಬಿದ್ದಿದ್ದ ಹುಡುಗ 127ನೇ ನಡೆಯಾಗಿ ಬೋರ್ಡಿನ ನಡುಭಾಗದಲ್ಲಿ ಕಪ್ಪು ಕಾಯಿ ಇಟ್ಟ. ಅದನ್ನು ಕಂಡು ಗೆನ್ನಾನ್‌ನ ಕಿವಿ ಕೆಂಪಾಯ್ತಂತೆ. ನೋಡ್ತಿದ್ದ ವೈದ್ಯನೊಬ್ಬ ಅಷ್ಟರಿಂದಲೇ ಗೆಲ್ಲೋದ್ಯಾರು ಅಂತ ಹೇಳಿಬಿಟ್ಟನಂತೆ. ಕೊನೆಗೆ ಕಪ್ಪಿಗೆ 2 ಅಂಕದ ಗೆಲುವು.

ನಮ್ಮ ಆ್ಯಪ್ ಇದನ್ನು ಬಿ ಪ್ಲಸ್ 2 ಅಂತ ದಾಖಲಿಸುತ್ತೆ. ಅಷ್ಟು ಮಾತ್ರ ಉಳಿದಿದ್ದರೆ ಆ 127ನೇ ನಡೆ ನಮಗೆ ಸಿಗುತ್ತಲೇ ಇರಲಿಲ್ಲ. ಅಂದಿನವರು ಹಾಳೆಯ ಮೇಲೆ 19 ಅಡ್ಡಗೆರೆ, 19 ಉದ್ದಗೆರೆಗಳ ಚಿತ್ರ ಬರೆದು, ಕಾಯಿ ಇಟ್ಟ ಜಾಗದಲ್ಲೆಲ್ಲ ನಡೆಯ ಸಂಖ್ಯೆ ಗುರುತಿಸಿಡುತ್ತಿದ್ದರು. ಅದಕ್ಕೆ ಕಿಫು ಅಂತ ಹೆಸರು.

1849ರಿಂದ 1861ರವರೆಗೆ ಶೋಗನ್‌ನ ಕೋಟೆಯ ಆಟಗಳಲ್ಲಿ ಶೂಸಾಕು 19 ಆಡಿ 19ನ್ನೂ ಗೆದ್ದ. ಮರುವರ್ಷ ಎದೋದಲ್ಲಿ ಕಾಲರಾ ಹರಡಿತು. ಮನೆತನದ ರೋಗಿಗಳ ಆರೈಕೆಗೆ ನಿಂತ ಆತ, ಅದೇ ರೋಗ ತಗುಲಿ 33ನೇ ವಯಸ್ಸಿನಲ್ಲಿ ತೀರಿಕೊಂಡ. ಮನೆತನದ ಉತ್ತರಾಧಿಕಾರಿ ಪೀಠ ಏರಲೇ ಇಲ್ಲ.

ಆದರೆ ಆತನ ನೂರಾರು ಆಟಗಳು ಉಳಿದಿವೆ. ಒಂದೊಂದೇ ನಡೆ ಒತ್ತುತ್ತಾ ಹೋದರೆ ನಾವೂ ಆತನ ಪಕ್ಕ ಕೂತು ಯೋಚಿಸಬಹುದು. ಗೆದ್ದವರ್ಯಾರು ಅನ್ನೋದಕ್ಕೆ ಒಂದು ಸಾಲು ಸಾಕು. ಹೇಗೆ ಗೆದ್ದರು ಅನ್ನೋದಕ್ಕೆ ಇಡೀ ಆಟ ಸೇವ್ ಆಗಿರಬೇಕು.