ವಜ್ರವನ್ನು ಸುಟ್ಟ ಲವಾಸಿಯೆ

ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆಂದು ಲೋಕವು ಗೌರವಿಸುವ ಆಂತ್ವಾನ್ ಲವಾಸಿಯೆಯ ಪರಿಚಯ ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಆದದ್ದು ವಿಜ್ಞಾನದ ಪುಸ್ತಕದಿಂದಲ್ಲ, ಫ್ರಾನ್ಸಿನ ಮಹಾಕ್ರಾಂತಿಯ ಪಾಠದಿಂದ. ಶಿರಚ್ಛೇದಕ್ಕೆ ಗುರಿಯಾದವರ ಸಾಲಿನಲ್ಲಿ ವಿಜ್ಞಾನಿಯೊಬ್ಬನ ಹೆಸರೇಕೆ ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಲವಾಸಿಯೆ ಜನಿಸಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಅನುಕೂಲಸ್ಥ ವಕೀಲ. ಮಗನೂ 1764ರಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದನು. ಆದರೆ ಮನಸ್ಸು ಒಲಿದದ್ದು ವಿಜ್ಞಾನಕ್ಕೆ. 1768ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯನಾದನು. ಅದೇ ವರ್ಷ, ಅರಸನ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆದಾರರ ಸಂಘದಲ್ಲಿ ಪಾಲನ್ನೂ ಕೊಂಡನು. ಆ ಆದಾಯದಿಂದ ಪ್ರಯೋಗಶಾಲೆಗೆ ಬೆಲೆಬಾಳುವ ತಕ್ಕಡಿಗಳು ಬಂದವು. ಆ ಪಾಲೇ ಮುಂದೆ ಆತನಿಗೆ ಮುಳುವಾಯಿತು. 1771ರಲ್ಲಿ ಕೈಹಿಡಿದ ಮರೀ ಆನ್, ಇಂಗ್ಲಿಷ್ ಕಲಿತು ಪತಿಗಾಗಿ ಗ್ರಂಥಗಳನ್ನು ಅನುವಾದಿಸಿದಳು; ಆತನ ಉಪಕರಣಗಳ ಚಿತ್ರಗಳನ್ನು ಬರೆದಳು.

ಆಗ ಪ್ಯಾರಿಸ್ಸಿನ ವಿದ್ವಾಂಸರನ್ನು ಒಂದು ಒಗಟು ಕಾಡುತ್ತಿತ್ತು. ತೆರೆದ ಮೂಸೆಯಲ್ಲಿಟ್ಟು ಬಲವಾಗಿ ಕಾಸಿದ ವಜ್ರವು ಮಾಯವಾಗುತ್ತಿತ್ತು. ಇದ್ದಿಲ ಪುಡಿಯಲ್ಲಿ ಹುದುಗಿಸಿ, ಗಾಳಿ ಸುಳಿಯದಂತೆ ಮೆತ್ತಿ ಕಾಸಿದರೆ ಹಾಗೆಯೇ ಉಳಿಯುತ್ತಿತ್ತು. ಬೆಂಕಿ ಒಂದೇ, ವಜ್ರವೂ ಒಂದೇ; ವ್ಯತ್ಯಾಸ ಗಾಳಿಯದು. 1772ರಲ್ಲಿ ಲವಾಸಿಯೆ ಮತ್ತು ಆತನ ಸಂಗಡಿಗರು ಭಾರಿ ಭೂತಗನ್ನಡಿಯಿಂದ ಬಿಸಿಲನ್ನು ವಜ್ರದ ಮೇಲೆ ಕೇಂದ್ರೀಕರಿಸಿದರು. ಮುಚ್ಚಿದ ಪಾತ್ರೆಯಲ್ಲಿ ವಜ್ರ ಸುಟ್ಟಾಗ ಉಂಟಾದ ಅನಿಲವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸಿತು. ಇದ್ದಿಲನ್ನು ಸುಟ್ಟಾಗಲೂ ಅದೇ ಫಲ! ಆದರೂ ಎರಡೂ ಒಂದೇ ವಸ್ತುವೆಂದು ಸಾರಲು ಆತನು ಆತುರಪಡಲಿಲ್ಲ. ಅದನ್ನು 1797ರಲ್ಲಿ ತೂಕದಿಂದ ಸಾಧಿಸಿದವನು ಸ್ಮಿತ್ಸನ್ ಟೆನೆಂಟ್ ಎಂಬ ಆಂಗ್ಲ ವಿಜ್ಞಾನಿ.

ವಸ್ತು ಉರಿಯುವಾಗ ಅದರೊಳಗಿನ ಏನೋ ಹೊರಬೀಳುತ್ತದೆಂದು ಅಂದಿನವರು ನಂಬಿದ್ದರು. ಹಾಗಲ್ಲ, ಗಾಳಿಯ ಒಂದು ಅಂಶವು ವಸ್ತುವಿನೊಡನೆ ಕೂಡುತ್ತದೆಂದು ಲವಾಸಿಯೆ ತೂಗಿ ತೋರಿಸಿದನು. ಆ ಅಂಶಕ್ಕೆ ಆಮ್ಲಜನಕವೆಂದು ಹೆಸರಿಟ್ಟನು. ನಮ್ಮೂರ ಕುಲುಮೆಯಲ್ಲಿ ತಿದಿ ಒತ್ತಿದೊಡನೆ ಇದ್ದಿಲು ಕೆಂಪಗೆ ಉರಿಯುವುದೂ ಇದೇ ಕಾರಣದಿಂದ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರ್ಪಡಿಸಿದ ಗ್ರಾಫೀನ್ ಕೂಡ ಈ ನಿಯಮಕ್ಕೆ ಹೊರತಲ್ಲ. ಒಂದೇ ಪರಮಾಣುವಿನಷ್ಟು ತೆಳುವಾದ ಈ ಇಂಗಾಲದ ಹಾಳೆ, ಗಾಳಿಯಿಲ್ಲದೆಡೆ ಸಾವಿರಾರು ಡಿಗ್ರಿ ಶಾಖವನ್ನು ತಾಳಬಲ್ಲುದು. ಆಮ್ಲಜನಕ ತಗುಲಿದರೆ ಕೆಲವು ನೂರು ಡಿಗ್ರಿಗಳಲ್ಲಿಯೇ ಅದರಲ್ಲಿ ರಂಧ್ರಗಳು ಬೀಳುತ್ತವೆ.

1789ರಲ್ಲಿ ಆತನ ಮಹಾಗ್ರಂಥ ಪ್ರಕಟವಾಯಿತು. ಅದೇ ವರ್ಷ ಕ್ರಾಂತಿಯೂ ಸಿಡಿಯಿತು. 1793ರ ನವೆಂಬರಿನಲ್ಲಿ ತೆರಿಗೆ ಗುತ್ತಿಗೆದಾರರ ಬಂಧನವಾಯಿತು. 1794ರ ಮೇ 8ರಂದು ವಿಚಾರಣೆ ನಡೆಸಿ, ಅದೇ ದಿನ ಲವಾಸಿಯೆ, ಆತನ ಮಾವ ಸೇರಿ 28 ಮಂದಿಯ ತಲೆ ಕಡಿದರು. ಆಗ ಆತನಿಗೆ ಕೇವಲ 50 ವರ್ಷ.

ನಾನು ರೈತನ ಮಗ. ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಕಾಲಿಟ್ಟ ಮೊದಲಿಗ. ಉಪ್ಪಿಗೂ ತೆರಿಗೆ ತೆತ್ತ ಆ ಬಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರ ಬೆವರಿನ ಹಣವೇ ಆ ತಕ್ಕಡಿಗಳಾಯಿತೆಂಬುದನ್ನು ಮರೆಯಲಾರೆ. ಆದರೆ ಒಬ್ಬೊಬ್ಬನ ತಪ್ಪನ್ನೂ ಬೇರೆ ಬೇರೆಯಾಗಿ ತೂಗದೆ ಎಲ್ಲರನ್ನೂ ಒಟ್ಟಿಗೆ ಕೊಂದದ್ದು ನ್ಯಾಯವೆನಿಸುವುದಿಲ್ಲ. ನಾಳೆ ಅಧಿಕಾರದ ಹುದ್ದೆಗಳಿಗೆ ಹೋಗಲಿರುವ ನನ್ನ ಸಹಪಾಠಿಗಳು ಈ ಎರಡನ್ನೂ ನೆನಪಿನಲ್ಲಿಡಲಿ: ತೆರಿಗೆ ತೆರುವವನ ಕಷ್ಟವನ್ನೂ, ತೂಗಿ ನೋಡಿದ ಮೇಲೆಯೇ ತೀರ್ಮಾನಿಸಬೇಕೆಂಬ ಲವಾಸಿಯೆಯ ದಾರಿಯನ್ನೂ.